ಹದಿನೆಂಟು ತಪ್ಪುಗಳ ತಾಲೀಮು

ಮನಃಶಾಸ್ತ್ರ ಓದಿದವನು ಎದುರಿಗಿದ್ದವರ ತಲೆಯೊಳಗೆ ಹೊಕ್ಕು ಬರುತ್ತಾನೆ ಎಂಬುದು ಹೂವಿನಹಡಗಲಿಯ ಗವಿಸಿದ್ದೇಶನ ಅಚಲ ನಂಬಿಕೆ. ಬಿ.ಎ. ಕೊನೆಯ ವರ್ಷದ ಈ ಮಹಾಪಂಡಿತ ಒಂದು ದಿನ ರೊಟ್ಟಿ ಮುರಿಯುತ್ತಾ ಮನೆಮಂದಿಗೆಲ್ಲ ಸಾರಿದ: "ಈ ಸಲ ಪ್ರಾಕ್ಟಿಕಲ್‌ನಾಗ ನಾನು ಕಾಲೇಜಿಗೇ ಫಸ್ಟ್. ಬರ್ಕೊಳ್ರಿ."

ಯಾರೂ ಬರೆದುಕೊಳ್ಳಲಿಲ್ಲ. ಹೋದ ವರ್ಷ ಅದೇ ಪ್ರಾಕ್ಟಿಕಲ್‌ನಲ್ಲಿ ಆತ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಕಾಲೇಜು ಬಂದ್, ಗೊಬ್ಬರದ ಅಂಗಡಿಯಲ್ಲಿ ಕೂಡ್ರುವುದೇ ಸೈ ಎಂದು ಅಪ್ಪ ಗುರುಸಂಗಪ್ಪ ಹೇಳಿಯಾಗಿತ್ತು. ಯೂರಿಯಾದ ವಾಸನೆ ನೆನೆದರೇ ಗವಿಸಿದ್ದೇಶನಿಗೆ ತಲೆ ಸುತ್ತುತ್ತಿತ್ತು.

ಪ್ರಯೋಗವೇನೋ ಸುಲಭದ್ದೇ. ಮರದ ಹಲಗೆಯಲ್ಲಿ ಸುತ್ತುಬಳಸಿನ ದಾರಿಯೊಂದನ್ನು ಕೊರೆದಿರುತ್ತಾರೆ. ನಡುನಡುವೆ ಎಲ್ಲಿಗೂ ಹೋಗದ ಕುರುಡು ಸಂದಿಗಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಡ್ಡಿ ಹಿಡಿದು ದಾರಿಯ ಕೊನೆ ಮುಟ್ಟಬೇಕು. ಸಂದಿಗೆ ಹೊಕ್ಕರೆ ಒಂದು ತಪ್ಪು. ಹತ್ತು ಸಲ ಮಾಡುವಷ್ಟರಲ್ಲಿ ತಪ್ಪು ಹೇಗೆ ಇಳಿಯುತ್ತದೆ ಎಂದು ಗ್ರಾಫ್ ಹಾಕಿ ತೋರಿಸಬೇಕು. ಕಡ್ಡಿ ಹಿಡಿಯುವವರಿಗೆ ಸಬ್ಜೆಕ್ಟ್ ಎಂದು ಹೆಸರು. ಅವರನ್ನು ಪರೀಕ್ಷೆಗೆ ಕರೆತರುವುದು ವಿದ್ಯಾರ್ಥಿಯದೇ ಜವಾಬ್ದಾರಿ.

ಸೀನಿಯರ್‌ಗಳ ರೆಕಾರ್ಡ್ ನೋಡಿ ಇಳಿಸಿಕೊಳ್ಳುವುದು ಆ ಕಾಲೇಜಿನಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಗವಿಸಿದ್ದೇಶ ಅವರೆಲ್ಲರನ್ನೂ ಮೀರಿಸಿದ. ಪರೀಕ್ಷೆಯಲ್ಲಿ ಬರಬೇಕಾದ ಫಲಿತಾಂಶವನ್ನು ಒಂದು ವಾರ ಮೊದಲೇ ಬರೆದಿಟ್ಟ! ಮೊದಲ ಸಲ ಹದಿನೆಂಟು ತಪ್ಪು, ಆಮೇಲೆ ಹದಿನಾಲ್ಕು, ಹನ್ನೊಂದು, ಹೀಗೆ ಇಳಿದು ಹತ್ತನೆಯ ಸಲಕ್ಕೆ ಎರಡು. ಗ್ರಾಫು ಜಾರುಬಂಡಿಯ ಹಾಗೆ ಚೆಂದವಾಗಿ ಬಂತು. ಆದರೆ ಸಬ್ಜೆಕ್ಟ್ ಆಗಲು ಒಪ್ಪಿದ್ದ ಗೆಳೆಯ ಅರುಣಕುಮಾರ ಗುಡೇಕೋಟೆಗೆ ಮದುವೆಯೂಟಕ್ಕೆ ಹೋಗಿ ಅಲ್ಲೇ ಠಿಕಾಣಿ ಹೂಡಿದ. ಇನ್ನು ಉಳಿದವಳು ಹೆಂಡತಿ ವಾಣಿಶ್ರೀ. ಅಜ್ಜಿಯ ಹಟಕ್ಕೆ ಓದುವಾಗಲೇ ಆಗಿದ್ದ ಮದುವೆ ಕೊನೆಗೂ ಉಪಯೋಗಕ್ಕೆ ಬಂತು ಎಂದುಕೊಂಡ.

ವಾಣಿಶ್ರೀ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು.

"ನಾನು ಏನ್ ಮಾಡಬೇಕ್ರಿ ಅಲ್ಲಿ?"

"ತಪ್ಪು ಮಾಡಬೇಕು. ಅಷ್ಟ."

"ಅದಕ್ಕ ನಿಮ್ಮನ್ನ ಬಿಟ್ಟು ನನ್ನ ಯಾಕ ಕೇಳ್ತೀರಿ?"

ಟಿ.ವಿ. ಡಬ್ಬಿಯ ಥರ್ಮೋಕೋಲಿನಲ್ಲಿ ಅದೇ ದಾರಿಯನ್ನು ಕೊರೆದು ತಾಲೀಮು ಶುರುವಾಯಿತು. ಹದಿನೆಂಟು ತಪ್ಪು ಎಣಿಸಿಕೊಂಡು ಮಾಡುವುದೇನು ಸಾಮಾನ್ಯವೇ? ಒಮ್ಮೆ ಹದಿನಾರಾಗುತ್ತಿತ್ತು, ಒಮ್ಮೆ ಇಪ್ಪತ್ತು. "ಎಲ್ಲಿ ದಾರಿ ತಪ್ಪಬೇಕಂತ ತಿಳಿಯಾಕ ಮೊದಲು ಸರಿದಾರಿ ಗೊತ್ತಿರಬೇಕಲ್ರಿ" ಎಂದು ವಾಣಿಶ್ರೀ ಅದನ್ನೇ ಕಲಿಯಲು ಕೂತಳು. ಅತ್ತೆಯ ಜೊತೆ ಹರಟುತ್ತಾ, ಕೆಳಗೆ ನೋಡದೆ ಮಾರುಗಟ್ಟಲೆ ಹೂ ಕಟ್ಟುವ ಬೆರಳುಗಳು ಅವು. ಮೂರು ದಿನಕ್ಕೆ ಸರಿದಾರಿಯೂ ಬಾಯಿಪಾಠ, ಹದಿನೆಂಟು ತಪ್ಪೂ ಬಾಯಿಪಾಠ. ಗವಿಸಿದ್ದೇಶ ಹಿಗ್ಗಿ ಹೀರೇಕಾಯಿಯಾದ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಹಾಲಸ್ವಾಮಿಯವರು. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ನಿಂತರು. ಸಬ್ಜೆಕ್ಟ್‌ಗೆ ಸೂಚನೆಯನ್ನು ಗಟ್ಟಿಯಾಗಿ ಓದಿ ಹೇಳುವುದು ನಿಯಮ. ಗವಿಸಿದ್ದೇಶ ಗಂಟಲು ಸರಿಮಾಡಿಕೊಂಡು ಓದಿದ: "ಸಾಧ್ಯವಾದಷ್ಟು ಬೇಗ ದಾರಿಯನ್ನು ಮುಗಿಸಬೇಕು. ಒಂದೂ ತಪ್ಪು ಮಾಡಕೂಡದು."

ವಾಣಿಶ್ರೀ ಕಡ್ಡಿ ಹಿಡಿದಳು. ಸರ್ರನೆ ಮುಗಿಸಿದಳು. ತಪ್ಪು ಸೊನ್ನೆ.

ಗವಿಸಿದ್ದೇಶ ಕೆಮ್ಮಿದ. ಎರಡನೆಯ ಸಲವೂ ಸೊನ್ನೆ. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಬಗ್ಗಿ, "ಹದಿನಾಲ್ಕು, ಹದಿನಾಲ್ಕು" ಎಂದು ಪಿಸುಗುಟ್ಟಿದ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ವಾಣಿಶ್ರೀ ಇಡೀ ಕೋಣೆಗೆ ಕೇಳುವಂತೆ ಅಂದಳು: "ಈಗಷ್ಟ ಒಂದೂ ತಪ್ಪು ಮಾಡಬ್ಯಾಡ ಅಂತ ಓದಿ ಹೇಳಿದ್ರಿ. ಮನ್ಯಾಗ ಒಂದು, ಸಾಹೇಬ್ರ ಮುಂದ ಒಂದು ಹೇಳಿದ್ರ ನಾನು ಯಾವುದು ಕೇಳ್ಲಿ?"

"ಮನೇಲಿ ಏನು ಹೇಳಿದ್ರಮ್ಮಾ?" ಎಂದರು ಹಾಲಸ್ವಾಮಿಯವರು.

ವಾಣಿಶ್ರೀ ಸುಳ್ಳು ಹೇಳುವವಳಲ್ಲ. ಥರ್ಮೋಕೋಲಿನಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. ಪರೀಕ್ಷಕರು ರೆಕಾರ್ಡ್ ತೆರೆದರು. ಒಳಗಿನ ಜಾರುಬಂಡಿ ನೋಡಿದರು. ಗವಿಸಿದ್ದೇಶನ ಮೂಗಿಗೆ ಯೂರಿಯಾ ಬಡಿಯಿತು. ಆದರೆ ಹಾಲಸ್ವಾಮಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಇದನ್ನ ಹರಿದು ಹಾಕಿ. ಅಮ್ಮಾ, ಆ ಬಟ್ಟೆ ಬಿಚ್ಚಿ ಇವರ ಕಣ್ಣಿಗೆ ಕಟ್ಟಿ. ತಪ್ಪು ನೀವು ಎಣಿಸಿ."

ಗೊತ್ತಿದ್ದ ದಾರಿ ಹೊಸದಾಗಲೆಂದು ಹಲಗೆಯನ್ನು ತಿರುಗಿಸಿಟ್ಟರು. ಗವಿಸಿದ್ದೇಶ ಹೊಕ್ಕ ಸಂದಿಗೇ ಮತ್ತೆ ಮತ್ತೆ ಹೊಕ್ಕ. ವಾಣಿಶ್ರೀ ಹೂವಿನ ಮೊಳ ಅಳೆಯುವ ದನಿಯಲ್ಲಿ ಎಣಿಸಿದಳು. ಮೊದಲ ಸಲ ಮೂವತ್ತೊಂದು! ಎದ್ದು ಬಿದ್ದು ಹತ್ತನೆಯ ಸಲಕ್ಕೆ ಮೂರಕ್ಕಿಳಿಯಿತು. ಪರೀಕ್ಷಕರು ಹೊಸ ಹಾಳೆಯಲ್ಲಿ 'ಪ್ರಯೋಗ ಮಾಡಿದವರು' ಎಂಬಲ್ಲಿ ವಾಣಿಶ್ರೀ ಎಂದೂ, 'ಸಬ್ಜೆಕ್ಟ್' ಎಂಬಲ್ಲಿ ಗವಿಸಿದ್ದೇಶ ಎಂದೂ ಬರೆಸಿ, ಪಾಸಾಗುವಷ್ಟೇ ಅಂಕ ಕೊಟ್ಟು ಸಹಿ ಹಾಕಿದರು.

ಕಾಲೇಜಿನ ಗೇಟು ದಾಟಿದ ಮೇಲೆ ಗವಿಸಿದ್ದೇಶನಿಗೆ ಜೀವ ಬಂತು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಏನಾರ ಅನ್ನು, ಹತ್ತ ಸಲಕ್ಕ ಹೊಸಾ ದಾರಿ ಕಲ್ತುಬಿಟ್ಟೆ. ಮೆದುಳು ಅಂದ್ರ ಹಿಂಗಿರಬೇಕು."

ವಾಣಿಶ್ರೀ ಸೆರಗು ಸರಿಮಾಡಿಕೊಂಡಳು. "ಹೌದ್ರಿ, ಕಣ್ಣು ಕಟ್ಟಿದ್ರ ನಿಮಗ ಎಲ್ಲಾ ಸಿಗತೈತಿ. ಎರಡು ವರ್ಷಾತು, ಕಣ್ಣು ಬಿಟ್ಕೊಂಡು ಅಡಿಗಿ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ದಿನಾ ಕೇಳ್ತೀರಿ. ನಾಳಿಂದ ಬಟ್ಟಿ ಕಟ್ಟೇ ಒಳಗ ಬಿಡ್ತೀನಿ."