ಎಲುಬು ಕಾಣುವ ಸೋದರಮಾವ

ನಮ್ಮ ಸೋದರಮಾವನ ಎದುರು ನಗುವುದಕ್ಕೆ ಎಲ್ಲರೂ ಅಂಜುತ್ತಿದ್ದರು. ಸಿಟ್ಟಿನ ಮನುಷ್ಯ ಅಂತಲ್ಲ. ನಕ್ಕರೆ ಅವರು ನಗುವನ್ನು ಬಿಟ್ಟು ನಮ್ಮ ದವಡೆಯನ್ನೇ ನೋಡುತ್ತ ಕೂತುಬಿಡುತ್ತಿದ್ದರು!

ಜಂಗಮರ ಮನೆಯವರು, ಉದಗೀರದ ಶಾಲೆಯೊಂದರಲ್ಲಿ ಸಂಸ್ಕೃತದ ಮಾಸ್ತರು. ನಿಜಾಮರ ರಾಜ್ಯದಲ್ಲಿ ಉರ್ದು ಬಂದವನಿಗೆ ಕುರ್ಚಿ, ಸಂಸ್ಕೃತ ಬಂದವನಿಗೆ ಚಾಪೆ. ಹೀಗಿರುವಾಗ ಸಿಂಹಳದ ಬೌದ್ಧ ವಿಹಾರವೊಂದು ಅವರನ್ನು ಕರೆಯಿತು: ನಮ್ಮ ಭಿಕ್ಷುಗಳಿಗೆ ಸಂಸ್ಕೃತ ಕಲಿಸಿರಿ, ನೀವು ಪಾಲಿ ಕಲಿಯಿರಿ. ಮಾವ ಮೈತುಂಬ ವಿಭೂತಿ ಧರಿಸಿ ಹಡಗು ಹತ್ತಿದರು.

ಅಲ್ಲಿ ಕೊಟ್ಟ ಕೋಣೆಯಲ್ಲಿ ಅವರೊಬ್ಬರೇ ಇರಲಿಲ್ಲ. ಗೋಡೆಗೆ ಹತ್ತಿದ ಗಾಜಿನ ಕಪಾಟಿನೊಳಗೆ ಮನುಷ್ಯನ ಇಡೀ ಅಸ್ಥಿಪಂಜರ ನಿಂತಿತ್ತು. ವಿಹಾರದ ಹಿಂದಿನ ಗುರುಗಳದಂತೆ. 'ನಾನು ಸತ್ತ ಮೇಲೆ ನನ್ನನ್ನು ನೋಡುತ್ತ ಧ್ಯಾನ ಮಾಡಿರಿ' ಎಂದು ಶಿಷ್ಯರಿಗೆ ಹೇಳಿ ಹೋಗಿದ್ದರಂತೆ. ಅತಿಥಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಉಂಟೆ?

"ಬೆನ್ನು ಮಾಡಿ ಕೂತ್ರ ಕುತ್ತಿಗಿಗಿ ಯಾರೋ ಉಸಿರು ಬಿಟ್ಟಂಗ ಆಗ್ತಿತ್ತು" ಎಂದು ಮಾವ ಹೇಳುತ್ತಿದ್ದರು. "ಕಡೀಕ ಎದುರಿಗೇ ಕೂತೆ. ಅಂಜಿಕಿ ಹೋತು."

"ಛಲೋ ಆತಲ್ರೀ" ಎನ್ನುತ್ತಿದ್ದೆವು ನಾವು.

"ಏನ್ ಛಲೋ? ಒಂದಿನ ಕನ್ನಡಿ ನೋಡ್ಕೊಂಡೆ. ಅಂವಾ ಅಲ್ಲೂ ನಿಂತಿದ್ದ."

ಊರಿಗೆ ಬಂದ ಮೇಲೂ ಅವರ ಕಣ್ಣು ತಿರುಗಿ ಮೊದಲಿನಂತಾಗಲಿಲ್ಲ. ಮಾತಾಡುವವರ ಮುಖದ ಒಳಗೆಲ್ಲೋ ದೃಷ್ಟಿ ನೆಡುತ್ತಿದ್ದರು. ಎದುರಿಗಿದ್ದವರು ತಮಗರಿವಿಲ್ಲದೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಚರ್ಮ ಇದೆಯೋ ಇಲ್ಲವೋ ಅಂತ.

ಇಂಥವರನ್ನು ನನಗೆ ಕನ್ಯೆ ನೋಡಲು ಉಮರ್ಗಾಕ್ಕೆ ಕರೆದುಕೊಂಡು ಹೋದದ್ದು ನಮ್ಮವ್ವ. ತಮ್ಮನ ಮೇಲೆ ಅಷ್ಟು ಭರವಸೆ. ಹುಡುಗಿಯ ತಂದೆ ಕೈಮುಗಿದು ಕೇಳಿದರು, "ಹುಡುಗಿ ಮನಸಿಗಿ ಬಂದಾಳೇನ್ರೀ, ಅಯ್ಯನವರ?"

"ತಲಿಬುರುಡಿ ಬಾಳ ಛಲೋ ಅದರೀ" ಎಂದರು ಮಾವ, ಮನಸಾರೆ. "ಮಣ್ಣಾಗ ಇಟ್ರೂ ಲಗೂ ಕೆಡಂಗಿಲ್ಲ."

ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲ ಆ ತಂದೆ ಮೂರರಲ್ಲೂ ದೇವರನ್ನು ನೆನೆದರು. ಬಾಗಿಲ ಹಿಂದಿನಿಂದ ಹುಡುಗಿ ಮಾತ್ರ ಕಿಸಕ್ಕನೆ ನಕ್ಕಳು. ಅವಳನ್ನೇ ಮದುವೆಯಾದೆ.

ಮರುವರ್ಷ ನಮ್ಮೂರು ನಿಲಂಗಾಕ್ಕೆ ಪ್ಲೇಗು ಬಂತು. ಊರು ಖಾಲಿಯಾಯಿತು, ಮಂದಿ ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡರು. ಅಲ್ಲೇ ನಮ್ಮವ್ವ ಹೋದಳು. ಹೆಣ ಮುಟ್ಟಲು ಒಬ್ಬರೂ ಬರಲಿಲ್ಲ. ಅವಳು ಕಾಯಿಲೆ ಬಿದ್ದ ಸುದ್ದಿ ತಿಳಿದು ಉದಗೀರದಿಂದ ನಡೆದೇ ಬಂದವರು ಮಾವ ಒಬ್ಬರೇ.

ಅಪ್ಪ ಮತ್ತು ನಾನು ನಡುಮಧ್ಯಾಹ್ನ ನಮ್ಮ ಹೊಲದ ಬದುವಿನಲ್ಲಿ ಕುಣಿ ತೋಡುತ್ತಿದ್ದೆವು. ಮಾವ ಅವ್ವನ ಹತ್ತಿರ ಕೂತಿದ್ದರು. ಆ ಕಣ್ಣಿನಿಂದ ಈಗ ಅವಳನ್ನೂ ನೋಡುತ್ತಿರಬೇಕು ಎನಿಸಿತು. ಗುದ್ದಲಿ ಬಿಟ್ಟು ಹೋದೆ.

ಮಾವ ಹೊದ್ದ ಶಾಲು ಬಿಚ್ಚಿ ಎರಡೂ ಕೈಯಿಂದ ಅವಳ ಮುಖದ ಮೇಲೆ ಎತ್ತಿ ಹಿಡಿದಿದ್ದರು.

"ಏನ್ ಮಾಡ್ಲಕತ್ತೀರಿ, ಮಾವಾ?"

"ಬಿಸಲು ಬಾಳ ಅದಪಾ. ಅಕ್ಕನ ಮಾರಿಗಿ ಬಡೀತದ" ಎಂದರು.

ಕುಣಿ ಮುಗಿಯುವವರೆಗೂ ಕೈ ಇಳಿಸಲಿಲ್ಲ.