ಮೂವತ್ತಾರು ಅಕ್ಷರದ ಕನ್ಯೆ

ಕಂಪ್ಯೂಟರ್ ಕೆಲಸದಲ್ಲಿ ನಾನು ಗಟ್ಟಿಗ. ಆದರೂ ಫಜೀತಿಗಳು ನನ್ನ ಮನೆ ಹುಡುಕಿಕೊಂಡೇ ಬರುತ್ತವೆ. ಎರಡು ಸಾವಿರದ ಇಸವಿಯ ಆಚೀಚೆ ಹುಬ್ಬಳ್ಳಿಯಲ್ಲಿದ್ದ ನಾನು ಧಾರವಾಡದ ಒಂದು ವಧು-ವರರ ಕೇಂದ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟೆ. ನನಗೂ ಮೂವತ್ತು ದಾಟಿತ್ತು. ಅವ್ವ ಅಲ್ಲೇ ನನ್ನ ಹೆಸರನ್ನೂ ಬರೆಸಿದ್ದಳು. ಪ್ರೋಗ್ರಾಂ ನೆಟ್ಟಗೆ ನಡೆದರೆ ನನಗೂ ಒಂದು ಹೆಣ್ಣು ಸಿಕ್ಕೀತು ಎಂಬ ಆಸೆ.

೧. ಲೋಕದ ಚಿಂತೆ

ಪ್ರತಿ ಅರ್ಜಿಗೂ ಯಂತ್ರ ಒಂದು ಗುರುತಿನ ಸಂಖ್ಯೆ ಕೊಡುತ್ತಿತ್ತು. ಅದನ್ನು ಅಕ್ಷರಕ್ಕಿಳಿಸಿ ಕಾರ್ಡಿನ ಮೇಲೆ ಮುದ್ರಿಸಿದರೆ ಅಂಕಿ, ಇಂಗ್ಲಿಷ್ ಅಕ್ಷರ, ಅಡ್ಡಗೆರೆ ಎಲ್ಲ ಸೇರಿ ಮೂವತ್ತಾರು. ಅದನ್ನೇ ತಿರುಗಿ ಟೈಪ್ ಮಾಡಿದರೆ ಅರ್ಜಿ ತೆರೆಯಬೇಕು.

"ಇಷ್ಟುದ್ದ ಯಾಕ್ರಿ?" ಎಂದರು ಕೇಂದ್ರದ ಮಾಲೀಕರು.

"ಇಡೀ ಲೋಕದಾಗ ಇಂಥಾದ್ದು ಇನ್ನೊಂದು ಹುಟ್ಟೂದಿಲ್ರಿ," ಎಂದೆ ಎದೆಯುಬ್ಬಿಸಿ.

"ನಮ್ಮಲ್ಲಿರೂದು ಮುನ್ನೂರು ವರಾ. ಲೋಕದ ಚಿಂತಿ ನಮಗ್ಯಾಕ್ರಿ?"

೨. ಗುಣ ಕೂಡಿದ್ದು

ಉಣಕಲ್ಲಿನ ಒಬ್ಬ ತಂದೆ ಎರಡು ಕಾರ್ಡು ಹಿಡಿದು ಬಂದರು. ಜಾತಕದಲ್ಲಿ ನೋಡುವ ಗುಣ ಮೂವತ್ತಾರು, ಇದೂ ಮೂವತ್ತಾರು! ಮಗಳ ಕಾರ್ಡಿನ ಕೆಳಗೆ ಹುಡುಗನ ಕಾರ್ಡಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿದ್ದರು.

"ಬರೇ ನಾಲ್ಕು ಕೂಡ್ಯಾವ್ರಿ. ಈ ಸಂಬಂಧ ಬ್ಯಾಡ."

ನಾನೂ ನೋಡಿದೆ. ಕೂಡಿದ್ದು ನಾಲ್ಕು ಅಡ್ಡಗೆರೆ. ಅವು ಯಾರಿಗೆ ಯಾರನ್ನು ಹಚ್ಚಿದರೂ ಕೂಡುತ್ತಿದ್ದವು.

೩. ಇಲ್ಲದ ಕನ್ಯೆ

ಕೊನೆಗೆ ನನ್ನ ಸರದಿ ಬಂತು. ಕೇಂದ್ರದಲ್ಲಿ ನಾನು, ಅವ್ವ. ಎದುರಿಗೆ ಹುಡುಗಿ, ಆಕೆಯ ಕಾಕಾ. ಹುಡುಗಿ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿದ್ದಳು. ಮಾಲೀಕರು ಆಕೆಯ ಕಾರ್ಡು ನೋಡಿ ಟೈಪ್ ಮಾಡಿದರು. ಟೈಪ್ ಮಾಡಿದ ಅಕ್ಷರಗಳಿಂದ ಗುರುತು ಸಿಗದಿದ್ದರೆ ತೋರಿಸಲೆಂದು ನಾನೇ ಬರೆದಿದ್ದ ಸಾಲು ಪರದೆಯ ಮೇಲೆ ಬಂತು: ‘ಇಂಥ ಕನ್ಯೆ ಇಲ್ಲ.’

ಅವ್ವ ಗಾಬರಿಯಾದಳು. "ಹುಡುಗೀನ ಇಲ್ಲಂತಲ್ಲೋ!"

"ಇಲ್ಲೇ ಕುಂತೇನಲ್ರಿ," ಎಂದ ಹುಡುಗಿ ಕಾರ್ಡು ಇಸಿದುಕೊಂಡು, ನನ್ನ ಕಾರ್ಡಿನ ಪಕ್ಕಕ್ಕಿಟ್ಟು ಎಣಿಸಿದಳು. "ಮೂವತ್ತೇಳು ಅದಾವ. ಕಡೀ ಒಂದು ಪೆನ್ನಿಲೆ ಬರದಾರ."

"ನಾನ ಬರದೇನಿ," ಎಂದರು ಮಾಲೀಕರು ಹೆಮ್ಮೆಯಿಂದ. "ಸೊನ್ನಿಗೆ ಮುಗದಿತ್ತು. ಮದವ್ಯಾಗ ಮುಯ್ಯಿ ಮಾಡಿದ್ರೂ ನೂರಾ ಒಂದು ರೂಪಾಯಿ ಮಾಡ್ತೇವಿ. ಲಗ್ನದ ಕಾರ್ಡು ಸೊನ್ನಿಗೆ ಹೆಂಗ ಬಿಡ್ಲಿ? ಅದಕ್ಕ ಒಂದು ಹಚ್ಚಿದೆ."

ಹುಡುಗಿ ನಕ್ಕಳು. "ಒಂದು ಹೆಚ್ಚಾಗೇತಿ ಅಂತ ಹೇಳೂದು ಬಿಟ್ಟು ಹುಡುಗೀನ ಇಲ್ಲ ಅಂತಾರೇನ್ರಿ? ಯಾವ ಶಾಣ್ಯಾ ಬರದಾನ ಇದನ್ನ?"

ಎಲ್ಲರೂ ನನ್ನತ್ತ ನೋಡಿದರು. ನಾನು ಬಿಟ್ಟುಕೊಡಲಿಲ್ಲ.

"ತಪ್ಪು ಹಿಡಿಯಾಕಿ ಸಿಗಲಿ ಅಂತನ ಬಿಟ್ಟಿದ್ನಿರಿ."

"ಸಿಕ್ಕೇನಲ್ರಿ," ಎಂದಳು. "ಇನ್ನೆಷ್ಟು ಬಿಟ್ಟೀರಿ?"

ಮದುವೆಯಾಗಿ ಇಷ್ಟು ವರ್ಷವಾಯಿತು. ಇನ್ನೂ ಎಣಿಸುತ್ತಿದ್ದಾಳೆ.