ಕಡೆಯುವ ಕಲ್ಲಿಗೆ ಹೇಳಿದ ಗುಟ್ಟು

ಸ್ವಲ್ಪ ಹತ್ತಿರ ಬನ್ನಿ, ಆ ಬಾಗಿಲು ಮುಂದೆ ಮಾಡಿ. ಇದು ನಿಮ್ಮಲ್ಲೇ ಇರಲಿ. ನಿಮ್ಮ ಅಕ್ಕನಿಗೂ ಹೇಳಬೇಡಿ. ಅವಳಿಗೆ ನಾನೇ ಹೇಳಿ ಆಗಿದೆ. ನಮ್ಮ ದೇರೆಬೈಲಿನಲ್ಲಿ ಬೇಲಿಯ ಆಚೆ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನಾನೆಂತ ಮಾಡುವುದು, ದೇವರು ಕಿವಿ ಕೊಟ್ಟಿದ್ದಾನೆ.

೧. ಡಾಕ್ಟ್ರಮ್ಮನ ಪೊಟ್ಟಣ

ಯುದ್ಧದ ಕಾಲ. ಪಕ್ಕದ ಮನೆಯವಳ ಗಂಡ ಹಡಗಿನಲ್ಲಿ ಅಡುಗೆಯವ, ವರ್ಷಕ್ಕೊಮ್ಮೆ ಬರುವುದು. ನಮ್ಮಲ್ಲಿ ಹೆಂಡತಿ ತನ್ನ ತಾಯಿಮನೆಯಲ್ಲೇ ಇರುವುದಲ್ಲವಾ, ಗಂಡನೇ ಬಂದು ಹೋಗಬೇಕು. ಅವ ಬರುವ ಕಾಗದ ಸಿಕ್ಕಿದ ಕೂಡಲೇ ಇವಳು ಹಂಪನಕಟ್ಟೆಯ ಡಾಕ್ಟ್ರಮ್ಮನಲ್ಲಿಗೆ ಓಡಿದಳು. ಹಿಂದಿನ ವರ್ಷ ಇನ್ನೊಬ್ಬ ಹಡಗಿನವನ ಹೆಂಡತಿಗೆ ಗಂಡನಿಂದ ಪರಂಗಿ ಹುಣ್ಣು, ಅದೇ ಸಿಫಿಲಿಸ್, ಅಂಟಿ, ಹುಟ್ಟಿದ ಮಗು ಉಳಿಯಲಿಲ್ಲ. ಇವಳಿಗೆ ಆ ಹೆದರಿಕೆ. ಡಾಕ್ಟ್ರಮ್ಮ ರಬ್ಬರಿನ ಚೀಲ ಕೊಟ್ಟರು. ಈಗ ನೀವು ಕಾಂಡೋಮ್ ಅನ್ನುತ್ತೀರಲ್ಲ, ಅದೇ. "ಗಂಡನ ರಕ್ತ ಪರೀಕ್ಷೆ ಆಗುವವರೆಗೆ ಇದಿಲ್ಲದೆ ಹತ್ತಿರ ಸೇರಿಸಬೇಡ" ಅಂದರಂತೆ.

"ಅವರಿಗೆ ಹೇಳುವುದು ಹೇಗೆ, ಅಕ್ಕ?" ಅಂತ ನನ್ನನ್ನು ಕೇಳಿದಳು.

"ನನ್ನಲ್ಲಿ ಕೇಳ್ತೀಯಾ? ಗೊರಕೆ ಹೊಡೀತೀರಿ ಅಂತ ಗಂಡನಿಗೆ ಹೇಳಲಿಕ್ಕೆ ಹನ್ನೆರಡು ವರ್ಷ ಧೈರ್ಯ ಒಟ್ಟು ಮಾಡಿದೆ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು."

೨. ಕಲ್ಲಿನ ಪಂಚಾಯ್ತಿಕೆ

ಗಂಡ ಬಂದ. ಮಧ್ಯಾಹ್ನ ಇವಳು ರುಬ್ಬುವ ಕಲ್ಲಿನ ಮುಂದೆ ಕೂತು ಅಕ್ಕಿ ಕಡೆಯುತ್ತಿದ್ದಳು. ಅವನ ಮುಖ ನೋಡಿ ಹೇಳಲು ನಾಚಿಕೆ, ಹಾಗಾಗಿ ಕಲ್ಲಿಗೇ ಹೇಳಿದಳು. ನಾನು ಬೇಲಿಯ ಈಚೆ ಬಸಳೆ ಕೊಯ್ಯುತ್ತಿದ್ದೆ. ಬಸಳೆ ಮುಗಿದಿತ್ತು, ಆದರೂ ಕೊಯ್ಯುತ್ತಿದ್ದೆ.

"ಕಲ್ಲೇ, ಡಾಕ್ಟ್ರಮ್ಮ ಕೊಟ್ಟದ್ದು ಹಾಕಿಕೊಂಡರೆ ಮಾತ್ರ ಒಂದೇ ಚಾಪೆ ಅಂತ ಹೇಳು."

ಅವನೂ ಕಲ್ಲಿಗೇ, "ನನ್ನ ಮೇಲೆ ಸಂಶಯವಾ ಅಂತ ಕೇಳು ಅವಳಲ್ಲಿ!"

"ಸಂಶಯ ಎಂತ ಇಲ್ಲ. ಬಸ್ರಾದಿಂದ ಖರ್ಜೂರ ತಂದರು, ಕೊಲಂಬೊದಿಂದ ಸೀರೆ ತಂದರು. ಕಣ್ಣಿಗೆ ಕಾಣದ್ದು ಎಂತ ತಂದಿದ್ದಾರೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ."

ಅವ ಕೊಡೆ ಎತ್ತಿಕೊಂಡು ದಡಬಡ ಹೊರಟ. ಕಾಲಿನ ಹೆಬ್ಬೆರಳು ಕಲ್ಲಿಗೆ ಬಡಿಯಿತು. "ನೀನೂ ಅವಳ ಪಾರ್ಟಿಯಾ?" ಅಂತ ಅದಕ್ಕೂ ಬೈದು ಹೋದ.

೩. ಕೊಟ್ಟಾರದ ಅತ್ತೆ

ಕೊಟ್ಟಾರದ ತನ್ನ ತಾಯಿಮನೆಯಲ್ಲಿ ಮುಖ ಊದಿಸಿ ಕೂತ. ನನಗೂ ಮರುದಿನವೇ ಕೊಟ್ಟಾರದ ಕರಿಬೇವು ಬೇಕಾಯಿತು.

"ಎಂತ ಜಗಳ? ಚಿನ್ನ ಕೇಳಿದಳಾ?" ಅಂತ ಅವನ ತಾಯಿ ಕೇಳಿದರು.

"ಇಲ್ಲಮ್ಮ. ಡಾಕ್ಟ್ರಮ್ಮ ಎಂತದೋ ಕೊಟ್ಟಿದ್ದಾರೆ. ಅದಿಲ್ಲದೆ ಆಗುವುದಿಲ್ಲವಂತೆ."

"ಮದ್ದಿಗೆ ಹಠ ಮಾಡುವ ಪ್ರಾಯವಾ ಮಾರಾಯ ನಿನ್ನದು? ಈಗಲೇ ಹೋಗು. ದಿನಕ್ಕೆ ಮೂರು ಹೊತ್ತು, ಒಂದೂ ತಪ್ಪಿಸಬೇಡ!"

೪. ಹಗ್ಗದ ಮೇಲೆ

ಸಂಜೆಗೆ ಮುಂಚೆ ವಾಪಸು ಬಂದ. ಇವಳು ಕಲ್ಲಿನ ಕಡೆ ತಿರುಗಿದಳು. ಅವ ತಡೆದ.

"ಕಲ್ಲು ಬೇಡ, ನಿನಗೇ ಹೇಳ್ತೇನೆ. ಬಂದರಿನಲ್ಲಿ ಒಮ್ಮೆ ತಪ್ಪಿದ್ದೇನೆ. ನಾಳೆ ರಕ್ತ ತೋರಿಸಿ ಬರ್ತೇನೆ. ಅಲ್ಲಿವರೆಗೆ ನೀನು ಹೇಳಿದ ಹಾಗೆ. ಆದರೆ ಅದನ್ನು ಹಾಕುವುದು ಹೇಗೆ?"

ಇವಳು ಮೊದಲು ಅತ್ತಳು. ಆಮೇಲೆ ನಕ್ಕದ್ದು ನನ್ನ ಅಡುಗೆಕೋಣೆಗೂ ಕೇಳಿತು.

ಆಗಿನದು ದಪ್ಪ ರಬ್ಬರು. ತೊಳೆದು, ಒಣಗಿಸಿ, ಪೌಡರು ಹಾಕಿ ಇನ್ನೊಮ್ಮೆಗೆ ಇಡುವುದು. ಎರಡು ದಿನ ಕಳೆದು ನೋಡುತ್ತೇನೆ, ಹಗ್ಗದಲ್ಲಿ ಅವನ ಮೈ ಒರಸುವ ಬೈರಾಸಿನ ಅಡಿಯಿಂದ ಅದು ಇಣುಕುತ್ತಾ ಉಂಟು! ಅಷ್ಟರಲ್ಲಿ ನಾನು ಮೂರು ಓಣಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಆದರೂ ಬೇಲಿಗೆ ಹೋಗಿ, ಏನೂ ಅರಿಯದವಳ ಹಾಗೆ, "ಎಂತದಮ್ಮ ಅದು ಒಣಗಲಿಕ್ಕೆ ಹಾಕಿದ್ದು?" ಅಂದೆ.

ಅವಳು ನಗುತ್ತಲೇ ನನ್ನ ಮುಖಕ್ಕೇ ಹೇಳಿದಳು: "ನಿಮ್ಮ ಬಾಯಿಗೆ ಆಗುವಂಥದ್ದು ಉಂಟಾ ಅಂತ ಡಾಕ್ಟ್ರಮ್ಮನಲ್ಲಿ ಕೇಳಿ ಬಂದೆ ಅಕ್ಕ. ಅಷ್ಟು ದೊಡ್ಡದು ಈವರೆಗೆ ಯಾರೂ ಮಾಡಿಲ್ಲವಂತೆ."